ಓದುಗರ ಪ್ರಶ್ನೆ: ಕಂಪನಿಯ ಸಮಸ್ಯೆ, ವಿಶ್ವವಿದ್ಯಾಲಯದ ಪ್ರಯೋಗಾಲಯ

ಕಂಪನಿಗಳು ವಿಶ್ವವಿದ್ಯಾಲಯಗಳೊಂದಿಗೆ ಸೇರಿ ಸಂಶೋಧನೆ ನಡೆಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹಣ ಮತ್ತು ಪೇಟೆಂಟಿನ ಸುತ್ತಲೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಉತ್ತರಿಸಿರುವ ಅಂಕಣಕಾರರು ಮೊದಲು ಒಂದು ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದು, ಆಮೇಲೆ ಒಂದು ವಿಶ್ವವಿದ್ಯಾಲಯದ ಉದ್ಯಮ ಸಂಪರ್ಕ ಕಚೇರಿಯಲ್ಲಿ ಕೆಲಸ ಮಾಡಿದವರು.

ಪ್ರಶ್ನೆ: ನಮ್ಮದು ಪಂಪುಗಳಿಗೆ ರಬ್ಬರ್ ಸೀಲ್ ತಯಾರಿಸುವ ಸಣ್ಣ ಘಟಕ. ಬಿಸಿ ಎಣ್ಣೆಯಲ್ಲಿ ಕೆಲಸ ಮಾಡುವ ಸೀಲುಗಳು ಬೇಗ ಗಡುಸಾಗಿ ಬಿರುಕು ಬಿಡುತ್ತಿವೆ. ಯಾವುದಾದರೂ ವಿಶ್ವವಿದ್ಯಾಲಯದ ನೆರವು ಪಡೆಯಬೇಕೆಂದಿದ್ದೇವೆ. ಯಾರನ್ನು, ಹೇಗೆ ಸಂಪರ್ಕಿಸಬೇಕು?
— ಸಣ್ಣ ಉದ್ದಿಮೆದಾರರು

ಉತ್ತರ: ವಿಶ್ವವಿದ್ಯಾಲಯವನ್ನು ಹುಡುಕುವುದಕ್ಕೆ ಮೊದಲು, ನಿಮಗೆ ಬೇಕಾಗಿರುವುದು ಸಂಶೋಧನೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸೀಲಿನ ಗಡಸುತನ ಎಷ್ಟು ಗಂಟೆಗಳಲ್ಲಿ ಎಷ್ಟು ಏರಿತು, ಎಣ್ಣೆಯಲ್ಲಿ ಅದು ಉಬ್ಬಿತೋ ಕುಗ್ಗಿತೋ ಎಂದು ಅಳೆದುಕೊಡುವುದು ಪರೀಕ್ಷೆ. ಅದಕ್ಕೆ ದರಪಟ್ಟಿ ಇರುತ್ತದೆ, ಕೆಲವೇ ವಾರಗಳಲ್ಲಿ ವರದಿ ಕೈಸೇರುತ್ತದೆ. ಆ ಅಳತೆಗಳನ್ನು ನೋಡಿ, ರಬ್ಬರಿನ ಮಿಶ್ರಣದಲ್ಲಿ ಏನನ್ನು ಬದಲಿಸಬಹುದು ಎಂದು ಒಬ್ಬ ಪ್ರಾಧ್ಯಾಪಕರು ತಮಗೆ ಈಗಾಗಲೇ ತಿಳಿದಿರುವುದನ್ನು ಹೇಳಿದರೆ ಅದು ಸಲಹಾ ಸೇವೆ. ಉತ್ತರ ಯಾರಿಗೂ ತಿಳಿಯದೆ, ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕಾಗಿ ಬಂದಾಗ ಮಾತ್ರ ಅದು ಪ್ರಾಯೋಜಿತ ಸಂಶೋಧನೆಯಾಗುತ್ತದೆ. ಮೂರಕ್ಕೂ ಹಣ, ಅವಧಿ, ಒಪ್ಪಂದದ ಸ್ವರೂಪ ಎಲ್ಲವೂ ಬೇರೆ. ಎರಡು ವರ್ಷದ ಯೋಜನೆ ಬೇಕೆಂದು ನಮ್ಮ ಕಚೇರಿಗೆ ಬಂದವರಲ್ಲಿ ಕೆಲವರಿಗೆ ನಿಜವಾಗಿ ಬೇಕಿದ್ದದ್ದು ಒಂದು ಪರೀಕ್ಷಾ ವರದಿ ಮಾತ್ರ. ಅದನ್ನು ಪಡೆದುಕೊಂಡು ಅವರು ಸಂತೋಷವಾಗಿಯೇ ಹಿಂದಿರುಗಿದ್ದಾರೆ.

ಸಂಶೋಧನೆಯೇ ಬೇಕು ಎಂದಾದರೆ, ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆಯಿರಿ. “ಸೀಲು ಬೇಗ ಹಾಳಾಗುತ್ತದೆ, ಪರಿಹಾರ ಬೇಕು” ಎಂದು ಬರೆದರೆ ಓದುವ ಪ್ರಾಧ್ಯಾಪಕರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದರ ಬದಲಿಗೆ ಹೀಗೆ ಬರೆದಿದ್ದೀರಿ ಎಂದುಕೊಳ್ಳಿ: “ನಮ್ಮ ನೈಟ್ರೈಲ್ ರಬ್ಬರ್ ಸೀಲುಗಳು 120 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಸುಮಾರು 1000 ಗಂಟೆ ಕಳೆದ ಮೇಲೆ ಗಡುಸಾಗುತ್ತಿವೆ. ಎಣ್ಣೆಯನ್ನು ಬದಲಿಸಿದಾಗಿನಿಂದ ಇದು ಹೆಚ್ಚಾಗಿದೆ. ರಬ್ಬರಿನೊಳಗಿನ ಮೃದುಕಾರಿ ಎಣ್ಣೆಗೆ ಇಳಿದುಹೋಗುತ್ತಿರುವುದು ಇದಕ್ಕೆ ಕಾರಣವೋ, ಶಾಖದಿಂದ ಅಣುಸರಪಳಿಗಳ ನಡುವೆ ಹೊಸ ಬಂಧಗಳು ಬೆಳೆಯುತ್ತಿರುವುದು ಕಾರಣವೋ, ಹೊಸ ಎಣ್ಣೆಗೆ ಬೆರೆಸಿರುವ ರಾಸಾಯನಿಕಗಳು ಕಾರಣವೋ ತಿಳಿಯಬೇಕಾಗಿದೆ. ಮೊದಲನೆಯದು ಕಾರಣವಾದರೆ ಮಿಶ್ರಣವನ್ನು ಬದಲಿಸುತ್ತೇವೆ. ಎರಡನೆಯದಾದರೆ ರಬ್ಬರಿನ ಜಾತಿಯನ್ನೇ ಬದಲಿಸಲು ಸಿದ್ಧರಿದ್ದೇವೆ.” ಇದರಲ್ಲಿ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಫಲಿತಾಂಶ ಬಂದರೆ ಏನು ಮಾಡುತ್ತೇವೆ ಎಂದು ಕಂಪನಿ ಮೊದಲೇ ಯೋಚಿಸಿದೆಯೇ ಇಲ್ಲವೇ ಎಂಬುದು ಆ ವಾಕ್ಯದಲ್ಲಿ ಗೊತ್ತಾಗುತ್ತದೆ. ಮುಂದೆ ಬರುವ ಒಪ್ಪಂದದ ಷರತ್ತುಗಳೂ ಬಹುತೇಕ ಅದರ ಮೇಲೆಯೇ ನಿಲ್ಲುತ್ತವೆ.

ಯಾರಿಗೆ ಕಳಿಸಬೇಕು ಎಂಬುದಕ್ಕೆ ವಿಶ್ವವಿದ್ಯಾಲಯದ ಶ್ರೇಯಾಂಕಪಟ್ಟಿ ಒಳ್ಳೆಯ ದಾರಿಯಲ್ಲ. ರಬ್ಬರಿನ ಶಾಖಕ್ಷಯದ ಬಗ್ಗೆ ಕಳೆದ ಐದು ವರ್ಷಗಳಲ್ಲಿ ಪ್ರಬಂಧ ಪ್ರಕಟಿಸಿದವರು ಯಾರು, ಆ ಪ್ರಬಂಧಗಳಲ್ಲಿ ಬಳಸಿದ ಉಪಕರಣಗಳು ಅವರ ಪ್ರಯೋಗಾಲಯದಲ್ಲೇ ಇವೆಯೇ, ಅವರ ಬಳಿ ಈಗ ಸಂಶೋಧನಾರ್ಥಿಗಳಿದ್ದಾರೆಯೇ ಎಂದು ನೋಡಿ. ಹೆಸರಾಂತ ಹಿರಿಯರಿಗಿಂತ, ಸ್ವಂತ ಪ್ರಯೋಗಾಲಯವನ್ನು ಈಗಷ್ಟೇ ಕಟ್ಟುತ್ತಿರುವ ಕಿರಿಯ ಪ್ರಾಧ್ಯಾಪಕರು ನಿಮ್ಮ ಸಮಸ್ಯೆಗೆ ಹೆಚ್ಚು ಸಮಯ ಕೊಟ್ಟಾರು. ಮೊದಲ ಪತ್ರವನ್ನು ಅವರಿಗೇ ನೇರವಾಗಿ ಬರೆಯಿರಿ. ಅವರಿಗೆ ಆಸಕ್ತಿ ಇದೆ ಎಂದು ತಿಳಿದ ಮೇಲೆ ಸಂಪರ್ಕ ಕಚೇರಿಗೆ ಹೋಗಿ. ಆ ಒಂದು ಪುಟದಲ್ಲಿ ಗುಟ್ಟಿನ ಸಂಗತಿ ಯಾವುದೂ ಇಲ್ಲದಂತೆ ನೋಡಿಕೊಂಡರೆ, ಪರಿಚಯಕ್ಕೂ ಮುಂಚೆ ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳುವ ಮುಜುಗರವೂ ತಪ್ಪುತ್ತದೆ.

ಪ್ರಶ್ನೆ: ಹಣ ಕೊಡುವವರು ನಾವು. ಹಾಗಿದ್ದ ಮೇಲೆ ಪೇಟೆಂಟ್ ನಮ್ಮ ಹೆಸರಿನಲ್ಲೇ ಇರಬೇಕಲ್ಲವೇ? ವಿಶ್ವವಿದ್ಯಾಲಯ ಒಪ್ಪುತ್ತಿಲ್ಲ. ಆರು ತಿಂಗಳಿಂದ ಕರಡು ಅತ್ತಿಂದಿತ್ತ ಓಡಾಡುತ್ತಲೇ ಇದೆ.
— ಸಂಶೋಧನಾ ವಿಭಾಗದ ವ್ಯವಸ್ಥಾಪಕರು

ಉತ್ತರ: ಆರು ತಿಂಗಳು ನಡೆದ ವಾದಕ್ಕೆ ಕಾರಣ ಸಾಮಾನ್ಯವಾಗಿ “ಮಾಲೀಕತ್ವ” ಎಂಬ ಒಂದೇ ಪದದ ಕೆಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದು. ಯೋಜನೆಗೆ ಮೊದಲೇ ಇಬ್ಬರ ಬಳಿಯೂ ಇದ್ದ ಜ್ಞಾನ ಅವರವರಿಗೇ ಸೇರಿದ್ದು. ಅದರ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಿಬಿಡಿ, ಆ ಜಗಳ ಅಲ್ಲಿಗೇ ಮುಗಿಯುತ್ತದೆ. ಯೋಜನೆಯಿಂದ ಹೊಸದಾಗಿ ಹುಟ್ಟಿದ್ದರ ವಿಷಯದಲ್ಲಿ ಆಯ್ಕೆಗಳು ಹಲವು. ವಿಶ್ವವಿದ್ಯಾಲಯವೇ ಪೇಟೆಂಟ್ ಇಟ್ಟುಕೊಂಡು ನಿಮಗೆ ಬಳಕೆಯ ಪರವಾನಗಿ ಕೊಡಬಹುದು. ಆ ಪರವಾನಗಿ ನಿಮ್ಮ ಉತ್ಪನ್ನಕ್ಷೇತ್ರದ ಮಟ್ಟಿಗೆ ನಿಮಗೊಬ್ಬರಿಗೇ ಮೀಸಲಾಗಬಹುದು. ನಿಗದಿತ ಅವಧಿಯೊಳಗೆ ಪರವಾನಗಿ ಪಡೆಯುವ ಮೊದಲ ಅವಕಾಶ ನಿಮ್ಮದೆಂದು ಬರೆಯಬಹುದು. ಅಥವಾ ಹೆಚ್ಚು ಹಣ ಕೊಟ್ಟು ಪೇಟೆಂಟನ್ನೇ ಪಡೆದು, ಬೋಧನೆಗೂ ಮುಂದಿನ ಸಂಶೋಧನೆಗೂ ಅದನ್ನು ಬಳಸುವ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಉಳಿಸಬಹುದು. ಬ್ರಿಟನ್ನಿನಲ್ಲಿ ಇಂಥ ವಾದಗಳು ವಿಪರೀತವಾದ್ದರಿಂದಲೇ 2005ರಲ್ಲಿ ಲ್ಯಾಂಬರ್ಟ್ ಟೂಲ್‌ಕಿಟ್ ಎಂಬ ಮಾದರಿ ಒಪ್ಪಂದಗಳ ಕಟ್ಟು ಹೊರಬಂತು. ಹಕ್ಕು ಯಾರ ಬಳಿ ಇದ್ದರೆ ಯಾರಿಗೆ ಏನು ಸಿಗಬೇಕು ಎಂಬ ಒಂದೊಂದು ಆಯ್ಕೆಗೂ ಅದರಲ್ಲಿ ಒಂದೊಂದು ಕರಡಿದೆ. ನೀವು ಯಾವ ದೇಶದಲ್ಲಿದ್ದರೂ ಅದನ್ನು ಎದುರಿಗಿಟ್ಟುಕೊಂಡು ಮಾತಿಗೆ ಕೂರುವುದರಿಂದ ಸಮಯ ಉಳಿಯುತ್ತದೆ.

ಪೇಟೆಂಟ್ ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ವ್ಯಾಪಾರವೇ ಸಾಧ್ಯವಿಲ್ಲ ಎಂಬ ಭಯಕ್ಕೆ ಚರಿತ್ರೆಯ ಬೆಂಬಲವಿಲ್ಲ. ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ಅವರು ಡಿಎನ್‌ಎ ತುಣುಕುಗಳನ್ನು ಬೆಸೆಯುವ ವಿಧಾನಕ್ಕೆ 1974ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಮೊದಲ ಪೇಟೆಂಟ್ ಬಂದದ್ದು 1980ರಲ್ಲಿ. ವಿಶ್ವವಿದ್ಯಾಲಯಗಳು ಅದನ್ನು ಯಾರೊಬ್ಬರಿಗೂ ಮೀಸಲಿಡದೆ, ಕೇಳಿದವರಿಗೆಲ್ಲ ಪರವಾನಗಿ ಕೊಟ್ಟವು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ 468 ಕಂಪನಿಗಳು ಪರವಾನಗಿ ಪಡೆದಿದ್ದವು, ವಿಶ್ವವಿದ್ಯಾಲಯಗಳಿಗೆ ಬಂದ ಆದಾಯ ಸುಮಾರು 25.5 ಕೋಟಿ ಡಾಲರ್. ಇಡೀ ಜೈವಿಕ ತಂತ್ರಜ್ಞಾನ ಉದ್ಯಮ ತನ್ನದಲ್ಲದ ಒಂದು ಪೇಟೆಂಟಿನ ಮೇಲೆ ಬೆಳೆಯಿತು.

ನಿಮ್ಮ ವಕೀಲರು ನಿಜವಾಗಿ ಗಮನಿಸಬೇಕಾದ ಜಾಗಗಳು ಬೇರೆ ಇವೆ. ಒಂದು, ಸಂಶೋಧಕರು ಸಹಿ ಮಾಡುವ ವಾಕ್ಯದ ಕ್ರಿಯಾಪದ. ಸ್ಟ್ಯಾನ್‌ಫರ್ಡಿನ ಒಬ್ಬ ಸಂಶೋಧಕರು ತಮ್ಮ ಆವಿಷ್ಕಾರಗಳನ್ನು ವಿಶ್ವವಿದ್ಯಾಲಯಕ್ಕೆ “ವಹಿಸಿಕೊಡಲು ಒಪ್ಪುತ್ತೇನೆ” ಎಂದು ಸಹಿ ಮಾಡಿದ್ದರು. ಆಮೇಲೆ ಒಂದು ತಂತ್ರವನ್ನು ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಅಲ್ಲಿನ ಪ್ರವೇಶಪತ್ರದಲ್ಲಿ “ಈ ಮೂಲಕ ವಹಿಸಿಕೊಡುತ್ತೇನೆ” ಎಂದಿದ್ದ ವಾಕ್ಯಕ್ಕೂ ಸಹಿ ಹಾಕಿದರು. ಆ ಕಂಪನಿಯ ಹಕ್ಕುಗಳು ಮುಂದೆ ರೋಶ್ ಕಂಪನಿಯ ಪಾಲಾದವು. ಎಚ್‌ಐವಿ ಪರೀಕ್ಷೆಗೆ ಸಂಬಂಧಿಸಿದ ಈ ವ್ಯಾಜ್ಯವನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೋಶ್ ಪರವಾಗಿ ಇತ್ಯರ್ಥಪಡಿಸಿತು. ಭವಿಷ್ಯದ ಭರವಸೆಗೂ ಈ ಕ್ಷಣದ ವರ್ಗಾವಣೆಗೂ ಇರುವ ವ್ಯತ್ಯಾಸಕ್ಕೆ ಅಷ್ಟು ಬೆಲೆ. ಇನ್ನೊಂದು, ಹಣ ಬೆರೆಯುವುದು. ಅಮೆರಿಕದಲ್ಲಿ 1980ರ ಬೇ–ಡೋಲ್ ಕಾಯ್ದೆಯ ಪ್ರಕಾರ ಒಕ್ಕೂಟ ಸರ್ಕಾರದ ಅನುದಾನದಿಂದ ಹುಟ್ಟಿದ ಆವಿಷ್ಕಾರದ ಒಡೆತನವನ್ನು ವಿಶ್ವವಿದ್ಯಾಲಯ ಉಳಿಸಿಕೊಳ್ಳಬಹುದು, ಆದರೆ ಸರ್ಕಾರಕ್ಕೂ ಅದರಲ್ಲಿ ಬಳಕೆಯ ಹಕ್ಕಿರುತ್ತದೆ. ನಿಮ್ಮ ಯೋಜನೆಯ ವಿದ್ಯಾರ್ಥಿಗೆ ಸರ್ಕಾರದ ವೇತನ ಸಿಗುತ್ತಿದೆಯೇ, ಉಪಕರಣ ಯಾರ ಹಣದ್ದು ಎಂದು ಮೊದಲ ದಿನವೇ ಕೇಳಿ.

“ಇಬ್ಬರಿಗೂ ಸಮಪಾಲು” ಎಂಬ ರಾಜಿಗೆ ಮಾತ್ರ ಅವಸರಪಡಬೇಡಿ. ಜಂಟಿ ಪೇಟೆಂಟಿನ ಒಬ್ಬ ಒಡೆಯ ಇನ್ನೊಬ್ಬರನ್ನು ಕೇಳದೆಯೇ ಮೂರನೆಯವರಿಗೆ ಪರವಾನಗಿ ಕೊಡಲು ಅಮೆರಿಕದಲ್ಲಿ ಸಾಧ್ಯ. ಬ್ರಿಟನ್ನಿನಲ್ಲಿ ಒಪ್ಪಿಗೆ ಬೇಕೇ ಬೇಕು. ಕಾಗದದ ಮೇಲೆ ನ್ಯಾಯವಾಗಿ ಕಾಣುವ ಸಮಪಾಲು ದೇಶ ಬದಲಾದ ಕೂಡಲೇ ಬೇರೆಯೇ ಅರ್ಥ ಕೊಡುತ್ತದೆ.

ಪ್ರಶ್ನೆ: ನನ್ನ ಪಿಎಚ್‌ಡಿ ಸಂಶೋಧನೆಗೆ ಒಂದು ಕಂಪನಿ ಹಣ ಕೊಡುತ್ತಿದೆ. ಫಲಿತಾಂಶ ಅವರಿಗೆ ಹಿತವಾಗದಿದ್ದರೆ ಪ್ರಕಟಣೆಯನ್ನು ತಡೆಯಬಹುದೇ? ನನ್ನ ಮಹಾಪ್ರಬಂಧದ ಗತಿ ಏನು?
— ಸಂಶೋಧನಾರ್ಥಿ

ಉತ್ತರ: ತಡೆಯಬಹುದೇ ಎಂಬುದಕ್ಕೆ ಉತ್ತರ ನಿಮ್ಮ ವಿಶ್ವವಿದ್ಯಾಲಯ ಯಾವ ಕಾಗದಕ್ಕೆ ಸಹಿ ಹಾಕಿದೆ ಎಂಬುದರಲ್ಲಿದೆ. ಅದರ ಪ್ರತಿಯನ್ನು ಕೇಳಿ ಪಡೆಯುವುದು ನಿಮ್ಮ ಮೊದಲ ಕೆಲಸ. ಮಾರ್ಗದರ್ಶಕರನ್ನು ಕೇಳಲು ಸಂಕೋಚ ಬೇಡ.

1987ರಲ್ಲಿ, ಥೈರಾಯ್ಡ್ ಕೊರತೆಗೆ ಕೊಡುವ ಸಿಂಥ್ರಾಯ್ಡ್ ಎಂಬ ಔಷಧದ ತಯಾರಕರು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಟ್ಟಿ ಡಾಂಗ್ ಅವರೊಂದಿಗೆ ಒಂದು ಅಧ್ಯಯನಕ್ಕೆ ಒಪ್ಪಂದ ಮಾಡಿಕೊಂಡರು. ತಮ್ಮ ಔಷಧ ಪೈಪೋಟಿಯ ಅಗ್ಗದ ಔಷಧಗಳಿಗಿಂತ ಮೇಲೆಂದು ತೋರಬೇಕೆಂಬುದು ಕಂಪನಿಯ ನಿರೀಕ್ಷೆ. 1990ರಲ್ಲಿ ಕೆಲಸ ಮುಗಿದಾಗ ಹೋಲಿಸಿದ ನಾಲ್ಕೂ ಔಷಧಗಳು ದೇಹದಲ್ಲಿ ಸಮಾನವಾಗಿ ವರ್ತಿಸುತ್ತವೆ ಎಂದು ಕಂಡಿತು. ಅಷ್ಟರಲ್ಲಿ ಆ ಔಷಧ ಬೂಟ್ಸ್ ಕಂಪನಿಯ ಒಡೆತನಕ್ಕೆ ಬಂದಿತ್ತು. ಅಧ್ಯಯನದಲ್ಲಿ ದೋಷಗಳಿವೆ ಎಂಬುದು ಕಂಪನಿಯ ವಾದವಾಯಿತು. ಅಮೆರಿಕದ ವೈದ್ಯಕೀಯ ಸಂಘದ ವಿದ್ವತ್ಪತ್ರಿಕೆ ಪ್ರಬಂಧವನ್ನು ಸ್ವೀಕರಿಸಿ, 1995ರ ಜನವರಿ ಸಂಚಿಕೆಯಲ್ಲಿ ಅಚ್ಚಿಗೆ ಇಟ್ಟಿತ್ತು. ಆದರೆ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸಕೂಡದು ಎಂಬ ಸಾಲು ಮೂಲ ಒಪ್ಪಂದದಲ್ಲಿತ್ತು. ಕಂಪನಿ ಅದನ್ನು ಮುಂದಿಟ್ಟಿತು, ವಿಶ್ವವಿದ್ಯಾಲಯದ ವಕೀಲರು ತಾವು ಸಮರ್ಥಿಸಲಾರೆವೆಂದರು, ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ಬೆಳಕು ಕಂಡದ್ದು 1997ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಕೆಲಸ ಮುಗಿದು ಏಳು ವರ್ಷಗಳಾಗಿದ್ದವು. ಈ ಪ್ರಕರಣದಲ್ಲಿ ಕಂಪನಿಯನ್ನು ದೂರುವುದು ಸುಲಭ. ಆ ಸಾಲನ್ನು ಸಹಿಗೆ ಬಿಟ್ಟ ವಿಶ್ವವಿದ್ಯಾಲಯದ ಕಚೇರಿಗೂ ಅಷ್ಟೇ ಪಾಲಿದೆ ಎಂದು ಆ ಬಗೆಯ ಕಚೇರಿಯಲ್ಲಿ ಕೂತಿದ್ದ ನಾನು ಹೇಳಲೇಬೇಕು.

ಈಗ ರೂಢಿಯಲ್ಲಿರುವ, ಒಪ್ಪಬಹುದಾದ ಷರತ್ತು ಹೀಗಿರುತ್ತದೆ: ಪ್ರಬಂಧವನ್ನು ವಿದ್ವತ್ಪತ್ರಿಕೆಗೆ ಕಳಿಸುವುದಕ್ಕೆ ಮೊದಲು ಕಂಪನಿಗೆ ತೋರಿಸಬೇಕು, ಸಾಮಾನ್ಯವಾಗಿ 30 ದಿನಗಳಲ್ಲಿ ಅವರು ಅಭಿಪ್ರಾಯ ತಿಳಿಸಬೇಕು, ಪೇಟೆಂಟ್ ಅರ್ಜಿ ಹಾಕಬೇಕಿದ್ದರೆ ಇನ್ನೂ 60 ಅಥವಾ 90 ದಿನ ಕಾಯಬೇಕು, ಅಷ್ಟೆ. ಕಂಪನಿ ತನ್ನದೇ ಗುಟ್ಟಿನ ವಿವರಗಳನ್ನು ಅಳಿಸಲು ಕೇಳಬಹುದು. ತೀರ್ಮಾನವನ್ನು ತಿದ್ದಲು ಕೇಳುವಂತಿಲ್ಲ. ಕಾಯುವಿಕೆಯಲ್ಲಿ ಅರ್ಥವೂ ಇದೆ. ಯೂರೋಪಿನ ಪೇಟೆಂಟ್ ವ್ಯವಸ್ಥೆಯಲ್ಲಿ ಅರ್ಜಿಗೆ ಮೊದಲೇ ವಿಷಯ ಬಹಿರಂಗವಾದರೆ ಹೊಸತನವೇ ಹೋಯಿತು. ಅಮೆರಿಕದಲ್ಲಿ ಆವಿಷ್ಕಾರಕರೇ ಬಹಿರಂಗಪಡಿಸಿದ್ದಕ್ಕೆ 12 ತಿಂಗಳ ರಿಯಾಯಿತಿ ಉಂಟು. ಸಮ್ಮೇಳನದಲ್ಲಿ ಅಂಟಿಸಿದ ಒಂದು ಭಿತ್ತಿಪತ್ರವೂ ಬಹಿರಂಗವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ಮಹಾಪ್ರಬಂಧದ ಸಲ್ಲಿಕೆ ಮತ್ತು ಮೌಖಿಕ ಪರೀಕ್ಷೆಯನ್ನು ಯಾವ ಕಾರಣಕ್ಕೂ ತಡೆಯುವಂತಿಲ್ಲ ಎಂಬ ಪ್ರತ್ಯೇಕ ಸಾಲು ನಿಮ್ಮ ಒಪ್ಪಂದದಲ್ಲಿ ಇಲ್ಲದಿದ್ದರೆ, ಈಗಲೇ ತಿದ್ದುಪಡಿ ಕೇಳಿ. ಹೆಚ್ಚೆಂದರೆ ಗ್ರಂಥಾಲಯದಲ್ಲಿ ಅದನ್ನು ಕೆಲಕಾಲ ಮುಚ್ಚಿಡಬಹುದು.

ಪ್ರಶ್ನೆ: ಯೋಜನಾ ವೆಚ್ಚದ ಮೇಲೆ ವಿಶ್ವವಿದ್ಯಾಲಯ “ಪರೋಕ್ಷ ವೆಚ್ಚ” ಎಂದು ದೊಡ್ಡ ಮೊತ್ತ ಸೇರಿಸಿದೆ. ಇದು ನ್ಯಾಯವೇ?
— ಲೆಕ್ಕಪತ್ರ ವಿಭಾಗದವರು

ಉತ್ತರ: ನ್ಯಾಯವೇ. ಪ್ರಯೋಗಾಲಯದ ಕಟ್ಟಡ, ವಿದ್ಯುತ್ತು, ತ್ಯಾಜ್ಯ ವಿಲೇವಾರಿ, ಗ್ರಂಥಾಲಯದ ಚಂದಾ, ನಿಮ್ಮ ಬಿಲ್ಲನ್ನು ಬರೆಯುವ ಗುಮಾಸ್ತರ ಸಂಬಳ, ಇವು ಯಾವುದೂ ಯೋಜನೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ನಿಮ್ಮ ಕಂಪನಿಯೂ ತನ್ನ ಗ್ರಾಹಕರಿಗೆ ಬೆಲೆ ಹಾಕುವಾಗ ಇವನ್ನೆಲ್ಲ ಸೇರಿಸಿಯೇ ಹಾಕುತ್ತದೆ. ದರದ ಬಗ್ಗೆ ಚೌಕಾಸಿ ಮಾಡುವುದಕ್ಕಿಂತ, ಹಣವನ್ನು ಕಂತುಗಳಲ್ಲಿ ಕೊಡುವ ಬಗ್ಗೆ ಮಾತಾಡಿ. ಆದರೆ ಕಂತನ್ನು “ಯಶಸ್ಸಿಗೆ” ಕಟ್ಟಿಹಾಕಬೇಡಿ. ಮಾಡಬೇಕಾದ ಪ್ರಯೋಗಗಳು ಮುಗಿದು ವರದಿ ಬಂದರೆ ಕಂತು ಸಲ್ಲಬೇಕು. ಊಹೆ ತಪ್ಪೆಂದು ತಿಳಿದದ್ದೂ ನೀವು ಹಣ ಕೊಟ್ಟ ಫಲಿತಾಂಶವೇ.

ಪ್ರಶ್ನೆ: ಸಹಿಯ ದಿನ ಎಲ್ಲರೂ ಉತ್ಸಾಹದಿಂದ ಬಂದಿದ್ದರು. ಆಮೇಲೆ ಕಂಪನಿಯ ಕಡೆಯಿಂದ ಸದ್ದಿಲ್ಲ. ಅರ್ಧವಾರ್ಷಿಕ ವರದಿಗೆ ಸ್ವೀಕೃತಿಯೂ ಬಂದಿಲ್ಲ. ನಾವು ಎಲ್ಲಿ ಎಡವಿದೆವು?
— ಪ್ರಾಧ್ಯಾಪಕರು

ಉತ್ತರ: ನಿಮ್ಮ ವರದಿ ಎಲ್ಲಿದೆ ಎಂದು ನಾನು ಊಹಿಸಬಲ್ಲೆ. ಕಂಪನಿಯಲ್ಲಿದ್ದಾಗ ಇಂಥದ್ದೊಂದು ವರದಿಗೆ ನಾನೇ ಹೊಣೆಗಾರನಾಗಿದ್ದೆ. ಯೋಜನೆಯನ್ನು ಆರಂಭಿಸಿದ ಹಿರಿಯರು ಬೇರೆ ವಿಭಾಗಕ್ಕೆ ವರ್ಗವಾಗಿದ್ದರು; ಕಡತ ನನ್ನ ಮೇಜಿಗೆ ಬಂತು; ನನಗೆ ಅದರ ಹಿನ್ನೆಲೆ ತಿಳಿದಿರಲಿಲ್ಲ, ತಿಳಿಯಲು ಸಮಯವನ್ನೂ ಯಾರೂ ಕೊಟ್ಟಿರಲಿಲ್ಲ. ವರ್ಷದ ಮೇಲೆ ಕಪಾಟು ಖಾಲಿ ಮಾಡುವಾಗ ತೆರೆದು ನೋಡಿದರೆ, ಹನ್ನೊಂದನೆಯ ಪುಟದ ಒಂದು ಕೋಷ್ಟಕದಲ್ಲಿ ನಮ್ಮ ಕಾರ್ಖಾನೆ ಆ ಇಡೀ ವರ್ಷ ಒದ್ದಾಡಿದ್ದ ದೋಷದ ಕಾರಣ ಸ್ಪಷ್ಟವಾಗಿ ಬರೆದಿತ್ತು. ವಿಶ್ವವಿದ್ಯಾಲಯದವರು ತಮ್ಮ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮಾಡಿದ್ದರು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಒಪ್ಪಂದದಲ್ಲಿ ಕಂಪನಿಯ ಪ್ರತಿನಿಧಿಯ ಹುದ್ದೆಯನ್ನಷ್ಟೇ ಬರೆಯದೆ, ಆ ವ್ಯಕ್ತಿ ವಾರದಲ್ಲಿ ಎಷ್ಟು ಗಂಟೆ ಈ ಯೋಜನೆಗೆ ಕೊಡುತ್ತಾರೆ, ಅವರು ಬದಲಾದರೆ ಎಷ್ಟು ದಿನಗಳಲ್ಲಿ ಇನ್ನೊಬ್ಬರು ಬಂದು ಪ್ರಯೋಗಾಲಯವನ್ನು ನೋಡಬೇಕು ಎಂದೂ ಬರೆಯಿಸಿ. ಅರ್ಧವಾರ್ಷಿಕ ವರದಿಯ ಬದಲಿಗೆ ತಿಂಗಳಿಗೊಮ್ಮೆ ಒಂದು ಗಂಟೆಯ ಮಾತುಕತೆ ಇಡಿ, ಅದಕ್ಕೆ ಅರ್ಧಂಬರ್ಧ ಫಲಿತಾಂಶಗಳನ್ನೇ ಒಯ್ಯಿರಿ. ವಿದ್ಯಾರ್ಥಿಯನ್ನು ಕೆಲವು ವಾರ ಕಾರ್ಖಾನೆಯಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು. ಬಿಡಿ ಯೋಜನೆಗಳಿಗಿಂತ ದೀರ್ಘ ನಂಟು ಮೇಲೆಂದು ಕಂಡುಕೊಂಡ ಕಂಪನಿಗಳೂ ಇವೆ: ವಿಮಾನದ ಎಂಜಿನ್ ತಯಾರಿಸುವ ರೋಲ್ಸ್-ರಾಯ್ಸ್ 1990ರಿಂದ ವಿಶ್ವವಿದ್ಯಾಲಯಗಳೊಳಗೇ ತನ್ನ ತಂತ್ರಜ್ಞಾನ ಕೇಂದ್ರಗಳನ್ನು ಕಟ್ಟುತ್ತಾ ಬಂದಿದೆ. ಒಂದೊಂದು ಕೇಂದ್ರಕ್ಕೂ ಒಂದೊಂದು ವಿಷಯ, ವರ್ಷಗಟ್ಟಲೆ ಅದೇ ತಂಡ. ಅಲ್ಲಿ ಪ್ರತಿ ಬಾರಿ ಹೊಸದಾಗಿ ಪರಿಚಯ ಹೇಳಿಕೊಳ್ಳುವ ಅಗತ್ಯವಿಲ್ಲ.

ಮೌನಕ್ಕೆ ಇನ್ನೊಂದು ಕಾರಣವೂ ಇರಬಹುದು. ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಎಂದು ಅಳೆಯಲು ನಾಸಾ ಸಂಸ್ಥೆ ಬಳಕೆಗೆ ತಂದ, 1ರಿಂದ (ಬರೀ ಮೂಲ ತತ್ತ್ವ) 9ರವರೆಗಿನ (ಪೂರ್ಣ ಸಿದ್ಧ) ಶ್ರೇಣಿಯೊಂದಿದೆ. ನಿಮ್ಮ ಕೆಲಸ 3ರಲ್ಲಿ ನಿಂತಿದ್ದು, ಕಂಪನಿ 7ರಲ್ಲಿ ಕಾಯುತ್ತಿದ್ದರೆ, ನಡುವಿನ ದೂರವನ್ನು ಯಾರು ನಡೆಯಬೇಕೆಂದು ಯಾರೂ ಮಾತಾಡಿರುವುದಿಲ್ಲ. ಜರ್ಮನಿಯಲ್ಲಿ 1949ರಲ್ಲಿ ಆರಂಭವಾದ ಫ್ರೌನ್‌ಹೋಫರ್ ಸಂಸ್ಥೆಗಳು ಕೆಲಸ ಮಾಡುವುದು ಬಹುಮಟ್ಟಿಗೆ ಈ ನಡುವಿನ ಜಾಗದಲ್ಲಿಯೇ. ಅಂಥ ಸಂಸ್ಥೆ ಕೈಗೆಟುಕದಿದ್ದರೆ, ಆ ಹಂತಕ್ಕೆ ಪ್ರತ್ಯೇಕ ಹಣ ಮತ್ತು ಕಂಪನಿಯ ಇಬ್ಬರು ಎಂಜಿನಿಯರುಗಳನ್ನು ಕೇಳಿ. ವಿದ್ಯಾರ್ಥಿಯ ಮೇಲೆ ಆ ಹೊರೆ ಹೊರಿಸಬೇಡಿ.

ಪ್ರಶ್ನೆ: ನೇರ ಉಪಯೋಗ ಕಾಣದ ಮೂಲ ಸಂಶೋಧನೆಗೆ ಕಂಪನಿ ಏಕೆ ಹಣ ಹಾಕಬೇಕು? ಹೇಗಿದ್ದರೂ ಅದು ಪ್ರಕಟವಾಗಿ ಎಲ್ಲರಿಗೂ ಸಿಗುತ್ತದಲ್ಲ?
— ಉದ್ಯಮಿ

ಉತ್ತರ: ಸಿಗುತ್ತದೆ, ಓದಲು ಬಲ್ಲವರಿಗೆ. ಜಾನ್ ಗುಡ್‌ಇನಫ್ ಅವರ ತಂಡ ಆಕ್ಸ್‌ಫರ್ಡಿನಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬ್ಯಾಟರಿಯ ಧನಾಗ್ರವಾಗಿ ಬಳಸಬಹುದೆಂದು 1980ರಲ್ಲಿ ಪ್ರಕಟಿಸಿತು. ಜಪಾನಿನ ಅಸಾಹಿ ಕಸೇ ಎಂಬ ರಾಸಾಯನಿಕ ಕಂಪನಿಯಲ್ಲಿ ಅಕಿರಾ ಯೋಶಿನೋ ಅವರು ಹೊಸ ಬಗೆಯ ಋಣಾಗ್ರವೊಂದರ ಮೇಲೆ ಕೆಲಸ ಮಾಡುತ್ತಿದ್ದರು. ಅದಕ್ಕೆ ಜೊತೆಯಾಗುವ, ಒಳಗೆ ಲಿಥಿಯಂ ಇರುವ ಧನಾಗ್ರ ಸಿಗದೆ ಕೆಲಸ ನಿಂತಿತ್ತು. 1982ರ ಕೊನೆಯಲ್ಲಿ, ಪ್ರಯೋಗಾಲಯವನ್ನು ವರ್ಷಾಂತ್ಯಕ್ಕೆ ಗುಡಿಸಿ ಒಪ್ಪಮಾಡಿದ ಮೇಲೆ ಸಿಕ್ಕ ಬಿಡುವಿನಲ್ಲಿ, ತರಿಸಿಟ್ಟು ಓದದೆ ಬಿಟ್ಟಿದ್ದ ಆ ಪ್ರಬಂಧವನ್ನು ಅವರು ಓದಿದರು. 1985ರ ಹೊತ್ತಿಗೆ ಇಂಗಾಲದ ಋಣಾಗ್ರದೊಂದಿಗೆ ಅದನ್ನು ಜೋಡಿಸಿದ ಬ್ಯಾಟರಿ ರೂಪುಗೊಂಡಿತ್ತು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಗುಡ್‌ಇನಫ್, ಯೋಶಿನೋ ಮತ್ತು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರಿಗೆ ಸಂದಿತು.

ಈ ಕಥೆಯಲ್ಲಿ ಆಕ್ಸ್‌ಫರ್ಡಿಗೂ ಅಸಾಹಿ ಕಸೇಗೂ ನಡುವೆ ಯಾವ ಒಪ್ಪಂದವೂ ಇರಲಿಲ್ಲ. ಇದ್ದದ್ದು, ಆ ಪ್ರಬಂಧದ ಬೆಲೆ ತಿಳಿಯುವಷ್ಟು ಅದೇ ಸಮಸ್ಯೆಯಲ್ಲಿ ಮುಳುಗಿದ್ದ ಒಬ್ಬ ಉದ್ಯೋಗಿ. ಮೂಲ ಸಂಶೋಧನೆಗೆ ಹಣ ಕೊಡುವ ಕಂಪನಿ ನಿಜವಾಗಿ ಗಳಿಸುವುದು ಅಂಥವರನ್ನು. ತನ್ನ ಎಂಜಿನಿಯರುಗಳು ಆ ಗುಂಪಿನ ಸಭೆಗಳಲ್ಲಿ ಕೂರುತ್ತಾರೆ, ಪ್ರಕಟವಾಗುವುದಕ್ಕೆ ವರ್ಷ ಮೊದಲೇ ಯಾವುದು ಕೈಗೂಡುತ್ತಿದೆ, ಯಾವುದು ಸೋಲುತ್ತಿದೆ ಎಂದು ತಿಳಿಯುತ್ತಾರೆ. ಸೋತ ಪ್ರಯೋಗಗಳಂತೂ ಪ್ರಬಂಧಗಳಲ್ಲಿ ಬರುವುದೇ ಅಪರೂಪ. ಕೊನೆಗೆ ಆ ಗುಂಪಿನ ಒಬ್ಬ ಸಂಶೋಧನಾರ್ಥಿ ನಿಮ್ಮಲ್ಲೇ ಕೆಲಸಕ್ಕೆ ಸೇರಬಹುದು. ನಿಮ್ಮಲ್ಲಿ ಸಭೆಗೆ ಕಳಿಸಲು ಯಾರೂ ಇಲ್ಲದಿದ್ದರೆ, ಈ ವರ್ಷ ಮೂಲ ಸಂಶೋಧನೆಗೆ ಹಣ ಹಾಕಬೇಡಿ ಎಂದೇ ನನ್ನ ಸಲಹೆ. ಆ ಹಣದಲ್ಲಿ ಒಬ್ಬರನ್ನು ನೇಮಿಸಿಕೊಳ್ಳಿ.

ಪ್ರಶ್ನೆ: ಒಪ್ಪಂದ ಎಷ್ಟು ವರ್ಷಕ್ಕಿರಬೇಕು? ನಡುವೆ ನಿಲ್ಲಿಸಬಹುದೇ?
— ಹಲವು ಓದುಗರು

ಉತ್ತರ: ಕೆಲಸ ಮಾಡುವವರು ಯಾರೆಂಬುದನ್ನು ನೋಡಿ ಅವಧಿ ಗೊತ್ತುಮಾಡಿ. ಸ್ನಾತಕೋತ್ತರ ವಿದ್ಯಾರ್ಥಿಯ ಯೋಜನೆ ಒಂದು ವರ್ಷದೊಳಗೆ ಮುಗಿಯುವಂಥದ್ದಾಗಿರಬೇಕು. ಪಿಎಚ್‌ಡಿಗೆ ಮೂರು ನಾಲ್ಕು ವರ್ಷ ಬೇಕು. ಪೂರ್ಣಾವಧಿಯ ಸಂಶೋಧನಾ ಸಹಾಯಕರಾದರೆ ಎರಡು ವರ್ಷ ಸಾಕಾಗಬಹುದು. ನಡುವೆ ನಿಲ್ಲಿಸುವ ಹಕ್ಕು ಇಬ್ಬರಿಗೂ ಇರಲಿ, ಮೂರು ತಿಂಗಳ ಮುಂಗಡ ಸೂಚನೆಯೊಂದಿಗೆ. ಆದರೆ ಕಂಪನಿ ನಿಲ್ಲಿಸಿದರೂ ಆಗಲೇ ನೋಂದಾಯಿಸಿಕೊಂಡಿರುವ ಸಂಶೋಧನಾರ್ಥಿಯ ವೇತನ ಪದವಿ ಮುಗಿಯುವವರೆಗೆ ಸಲ್ಲುತ್ತದೆ ಎಂಬ ಷರತ್ತನ್ನು ಸಹಿಗೆ ಮೊದಲೇ ಸೇರಿಸಿ, ಆ ಮೊತ್ತವನ್ನು ಬಜೆಟ್ಟಿನಲ್ಲಿ ಬೇರೆಯಾಗಿ ತೆಗೆದಿಡಿ.